ಕಾರ್ಲಪ್ಪನ ತಂಗಿಯ ಉಡಿ

೧೯೮೪ರ ಶ್ರಾವಣ. ಇಚಲಕರಂಜಿಯಲ್ಲಿ ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಸಂಜೆಗೆ ಕರೆಂಟೂ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತುಬಿಟ್ಟರೆ ನಮ್ಮ ಓಣಿಯಲ್ಲಿ ಕಿವಿ ಗುಂಯ್‌ಗುಡುವಷ್ಟು ನಿಶ್ಶಬ್ದ. ಅಂಥ ಹೊತ್ತಿನಲ್ಲಿ ನಾವೆಲ್ಲ ಸೇರುತ್ತಿದ್ದುದು ಮಲಕವ್ವಜ್ಜಿಯ ಕಟ್ಟೆಗೆ. ಅಂದು ಅಜ್ಜಿ ಕಂದೀಲು ಪಕ್ಕಕ್ಕಿಟ್ಟು, ಎಲೆಗೆ ಸುಣ್ಣ ಹಚ್ಚುತ್ತ, ಯಾರೂ ಕೇಳದಿದ್ದರೂ ತಾನೇ ಶುರು ಮಾಡಿದಳು.

"ನಮ್ಮ ಮಾವನ ಅಪ್ಪ ಜರ್ಮನಿಯಾಂವ ಅಂದ್ರ ನಗತೀರಿ. ನಗ್ರಿ… ಹೆಸರು ಕಾರ್ಲ್. ಮಗ್ಗದ ಮಶಿನ್ ಜೋಡಸಾಕ ಹಡಗ ಹತ್ತಿ ಬಂದಾಂವ, ಗಡಹಿಂಗ್ಲಜದ ಹುಡುಗೀನ್ನ ಲಗ್ನಾ ಆಗಿ ಇಲ್ಲೇ ಉಳದ, ಮಂದಿ ಬಾಯಾಗ ಕಾರ್ಲಪ್ಪ ಆದ. ಆಂವ ಬಿಟ್ಟ ಹೋದದ್ದು ಒಂದ ಟ್ರಂಕು. ಅದರಾಗ ಅಲ್ಲಿಂದ ತಂಗಿ ಬರದ ಪತ್ರ, ಮತ್ತೊಂದು ಫೋಟೋ. ಫೋಟೋದಾಗ ಅವರವ್ವ ಖುರ್ಚಿ ಮ್ಯಾಲ ಕುಂತಾಳ, ಕಾರ್ಲಪ್ಪ ಬಾಜೂಕ ನಿಂತಾನ, ಸಣ್ಣ ತಂಗಿ ಅವ್ವನ ಮೊಣಕಾಲ ಹಿಡಕೊಂಡಾಳ. ದೊಡ್ಡ ಲಡಾಯಿ ಆದಮ್ಯಾಲ ಪತ್ರ ಬರೂದು ನಿಂತಿತು. ಇದ್ದವನ್ನ ಓದಾಕ ನಮಗ್ಯಾರಿಗೂ ಬರೂದಿಲ್ಲ. ಆದ್ರೂ ನಮ್ಮತ್ತಿ ಯಮುನವ್ವ ಮಳಿಗಾಲ ಮುಗದ ಕೂಡ್ಲೆ ಒಂದೊಂದ ಹಾಳಿ ಬಿಸಲಿಗೆ ಹಾಕಿ, ಬೇವಿನ ತೊಪ್ಪಲ ಇಟ್ಟು, ಹಸಗೂಸಿನಂಗ ಮತ್ತ ಸುತ್ತಿಡಾಕಿ.

ಎಪ್ಪತ್ಮೂರರಾಗ ಆ ಫೋಟೋಕ್ಕ ಬೂಸ್ಟ ಹಿಡೀತು. ಅತ್ತಿ ಹೌಹಾರಿ ಕೊಲ್ಲಾಪುರಕ್ಕ ಒಯ್ದು, ಸ್ವಚ್ಛ ಮಾಡಿಸಿ, ಗಾಜಿನ ಫ್ರೇಮ ಹಾಕಿಸಿಕೊಂಡ ಬಂದ್ಲು. ಹಿರ್ಯಾರ ಅಮಾಸಿಗೆ ಗ್ವಾಡಿಗೆ ತೂಗಹಾಕಿ, ಮೂರೂ ಮಂದಿಗೆ ಕೂಡೇ ಮಾಲಿ ಹಾಕಿ ಎಡಿ ಇಟ್ಲು. ಎಲ್ಲಾರೂ ಹೋಗ್ಯಾರ ಅಂತನ ನಮ್ಮ ತಿಳುವಳಿಕಿ… ಮುಂಜಾನೆ ಎದ್ದ ನೋಡ್ತೀವಿ, ಮಾಲಿ ನೆಲಕ್ಕ ಬಿದ್ದೈತಿ. ಫೋಟೋದಾಗ ಆ ಸಣ್ಣ ಹುಡುಗಿ ಇಲ್ಲ. ಆ ಜಾಗಾದಾಗ ಬೆನ್ನ ಬಾಗಿದ ಮುದುಕಿ ನಿಂತಾಳ. ಅದ ಮಾರಿ, ಅದ ಎರಡ ಜಡಿ, ಆದ್ರ ಬೆಳ್ಳಗ… ಅವ್ವನಕಿಂತ ಮಗಳು ದೊಡ್ಡಾಕಿ. ಎಲ್ಲೆರ ಕೇಳೀರೇನ್ರಿ ಇಂಥಾದ್ದು?

ಬದುಕಿದ್ದಾಕಿಗೆ ಎಡಿ ಇಟ್ನೆಲ್ಲಾ ಅಂತ ಅತ್ತಿ ಅನ್ನಾ ನೀರು ಬಿಟ್ಟು ಮಲಗಿಬಿಟ್ಲು. ಇನ್ನ ಈಕಿ ಉಳಿಯೂದಿಲ್ಲ ಅಂತ ನನಗ ಭಾಳ ಹೆದರಿಕಿ ಆತು. ಫೋಟೋ ಪಂಚಗಂಗಾದಾಗ ಬಿಟ್ಟ ಬರ್ರಿ ಅಂತ ಮಂದಿ ಅಂದ್ರು. ಅತ್ತಿ ಹಾಸಿಗಿಯಿಂದನ ಅಂದ್ಲು, 'ಮನಿ ಮಗಳನ್ನ ಯಾರರೆ ಹೊಳಿಗೆ ಹಾಕತಾರೇನ?' ಆಗ ನನಗ ಹೊಳೀತು… ಮನಿ ಮಗಳಿಗೆ ನಾವು ಮಾಡೂದೇನು? ಉಡಿ ತುಂಬೂದು, ಹೌದಲ್ರಿ? ಫೋಟೋ ಮಣಿ ಮ್ಯಾಲ ಇಟ್ಟು, ಮುಂದ ಅಕ್ಕಿ, ಕೊಬ್ರಿ ಬಟ್ಟಲ, ಕುಬಸದ ಕಣ ಇಟ್ಟೆ. ಅತ್ತೀನ್ನ ಎಬಿಸಿ ಕುಂಡ್ರಿಸಿದೆ. ಆಕಿ ಗಾಜ ಮುಟ್ಟಿ ಅಂದ್ಲು, 'ತಪ್ಪಾತವ್ವಾ. ಇದು ನಿನ್ನ ತವರು, ಯಾವಾಗರೆ ಬಾ.'

ಸುಳ್ಳ ಹೇಳಿದ್ರ ನನ್ನ ನಾಲಿಗಿ ಬೀಳಲಿ… ಮಣಿ ಮ್ಯಾಲಿನ ಅಕ್ಕಿ ಕಾಣಲಿಲ್ಲ. ಮೊಳಿ ಬಡದ ಗಾಜಿನ ಒಳಗ, ಆ ಮುದುಕಿ ಉಡಿಯಾಗ, ಹಿಡಿ ಅಕ್ಕಿ! ಕೈ ಮುಗಿಯೂದ ಬಿಟ್ರ ನೀವರೆ ಏನ ಮಾಡತಿದ್ರಿ? ಅವತ್ತ ಅತ್ತಿ ಎದ್ದು ಉಂಡ್ಲು.

ಅತ್ತಿ ಹೋದಮ್ಯಾಲ ವರ್ಷಾ ಪಂಚಮಿಗೆ ನಾನ ಉಡಿ ತುಂಬತೇನಿ. ಫೋಟೋದಾಗಿನ ಮುದುಕಿಗೂ ನಿಲ್ಲೂದು ಆಗವಲ್ದೋ ಏನೋ, ಹೋದ ವರ್ಷ ನೋಡಿದ್ರ ಅವ್ವ ತಾನ ಎದ್ದು ಮಗಳಿಗೆ ಖುರ್ಚಿ ಬಿಟ್ಟಕೊಟ್ಟಿದ್ಲು. ಈ ಸಲ ಮೊನ್ನೆ ಪಂಚಮಿಗೆ ಓಣಿ ಹೆಣ್ಣಮಕ್ಕಳೆಲ್ಲಾ ತವರಿಗೆ ಬಂದ್ರಲ್ಲಾ… ನಾ ಅಕ್ಕಿ ಹಿಡಕೊಂಡ ಹೋದ್ರ ಫೋಟೋದಾಗ ಖುರ್ಚಿ ಖಾಲಿ. ಅವ್ವ, ಅಣ್ಣ ಇಬ್ರೂ ನಮ್ಮ ಬಾಗಲ ಕಡೆ ನೋಡಾಕತ್ತಾರ."

ಅಜ್ಜಿ ಎಲೆ ಮಡಚಿ ಬಾಯಿಗಿಟ್ಟುಕೊಂಡು, ದನಿ ಸಣ್ಣದು ಮಾಡಿದಳು.

"ಒಳಗ ಹೋಗಾವರಿದ್ರ ಹೋಗ್ರಿ, ಅಂಜಬ್ಯಾಡ್ರಿ… ಸಾವಕಾಶ ಮಾತಾಡಸ್ರಿ, ಅಷ್ಟ. ನಮ್ಮ ಭಾಷಾ ಆಕಿ ಇನ್ನಾ ಕಲಿಯಾಕತ್ತಾಳ."