ತಗಡಿಗೆ ಕಿವಿ ಹಚ್ಚಿದವನು

ಘಟಪ್ರಭಾದಿಂದ ಗೋಕಾಕಕ್ಕೆ ಹೋಗುವ ರಸ್ತೆಯ ಬದಿಗೆ ಲಕ್ಷ್ಮಣನ ಗ್ಯಾರೇಜು. ಮೇಲೆ ತಗಡು, ಮೂರು ಬದಿಗೆ ತಾಡಪತ್ರಿ, ಎದುರಿಗೆ ರಸ್ತೆ. ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಮಳೆಗೆ ಸಿಕ್ಕಿಬಿದ್ದ ನಾಲ್ಕಾರು ಮಂದಿ ಹಳೆಯ ಟಾಯರುಗಳ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ದಾನೇಶ್ವರಿ ಮಾತ್ರ ಕುಳಿತಿರಲಿಲ್ಲ. ತನ್ನ ಪಿಕಪ್ಪಿನ ಸುತ್ತ ತಿರುಗುತ್ತಿದ್ದಳು.

ಮೂಡಲಗಿಯಲ್ಲಿ ಅವರದು ಕಬ್ಬಿನ ಸಸಿಯ ನರ್ಸರಿ. ಗಂಡ ಈಶ್ವರ ಸಸಿ ಬೆಳೆಸಿದರೆ, ಅದನ್ನು ಊರೂರಿಗೆ ಮುಟ್ಟಿಸುವುದು ದಾನೇಶ್ವರಿಯ ಕೆಲಸ. ಮುಂಜಾನೆ ಹುಕ್ಕೇರಿಯ ಹೊಲವೊಂದಕ್ಕೆ ಸಸಿ ಇಳಿಸಿ ಬಂದಿದ್ದಳು. ನಾಳೆ ಅದೇ ಹೊಲಕ್ಕೆ ನಾಟಿಗೆಂದು ಓಣಿಯ ಹೆಣ್ಣುಮಕ್ಕಳನ್ನು ಇದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕು. ಹೋಗುವಾಗ ಗಾಡಿಯಲ್ಲಿ ಏನೂ ಸಪ್ಪಳವಿಲ್ಲ. ಖಾಲಿ ಮಾಡಿ ತಿರುಗಿದ ಮೇಲೆ ಮತ್ತೆ ಶುರುವಾಯಿತು. ಗೇರು ಹಾಕಿದರೆ ಕಟ್ ಕಟ್, ಎಕ್ಸಲರೇಟರು ಬಿಟ್ಟರೆ ಕಟ್ ಕಟ್. ಒಂದು ವಾರದಿಂದ ಹೀಗೇ.

ಲಕ್ಷ್ಮಣ ಗಾಡಿಯ ಕೆಳಗಿನಿಂದ ಹೊರಗೆ ಬಂದ. "ಅಕ್ಕಾರ, ಸ್ಪ್ರಿಂಗ್ ಪಾಟಾ ನೋಡ್ದೆ, ಗೇರ್‌ಬಾಕ್ಸ್ ನೋಡ್ದೆ, ಹಿಂದಿನ ಹೌಸಿಂಗ್ ನೋಡ್ದೆ. ಶಾಫ್ಟ್ ಹಿಡದು ಅಳ್ಳಾಡ್ಸಿದೆ. ಎಲ್ಲಾ ಗಟ್ಟಿ ಐತಿ."

"ಹಂಗಾರ ಸಪ್ಪಳ ಎಲ್ಲಿಂದ ಬರತೈತಿ?"

"ನಿಮ್ಮ ಅತ್ತಿ ಬಾಯಿಂದ ಇರಬೇಕು."

ಅತ್ತೆ ಕಾಶೆವ್ವ ಚಹಾದ ಬಟ್ಟಲು ಕೆಳಗಿಟ್ಟಳು. "ನಾಳೆ ಇದರಾಗ ನಾನೂ ಕುಂಡ್ರಾಕಿನ ಅದೀನೋ ಮೂಳಾ. ಬಿದ್ದು ಸತ್ರ ಮೊದಲು ನಿನ್ನ ಗ್ಯಾರೇಜಿಗೇ ಬರತೀನಿ."

ಎಲ್ಲರೂ ನಕ್ಕರು. ಮೂಲೆಯ ಬಾಕಿನ ಮೇಲೆ ಕಂಬಳಿ ಹೊದ್ದು ಕುಳಿತ ಮುದುಕ ಮಾತ್ರ ನಗಲಿಲ್ಲ. ಅವನು ಲಕ್ಷ್ಮಣನ ಸೋದರಮಾವ ದುಂಡಪ್ಪ ಮಿಸ್ತ್ರಿ. ಗ್ಯಾರೇಜು ಮೊದಲು ಅವನದೇ. ಕಣ್ಣಿಗೆ ಪೊರೆ ಬಂದ ಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ಬಿಟ್ಟಿದ್ದ.

"ಮಗಳ," ಅಂದ. "ತುಂಬಿದಾಗ ಸಪ್ಪಳಿಲ್ಲ, ಖಾಲಿ ಇದ್ದಾಗ ಐತಿ. ಹೌದಲ್ಲೋ?"

"ಹೌದ್ರಿ ಕಾಕಾ."

"ಬಾ, ಇಲ್ಲಿ ಕುಂಡ್ರು. ಹಿಂಗ ತಿರಗಿದ್ರ ಅದೇನು ಸಿಗೂದಿಲ್ಲ."

ಅವಳು ಬಾಕಿನ ತುದಿಗೆ ಕುಳಿತಳು. ಉಳಿದವರೂ ಟಾಯರು ಹತ್ತಿರ ಎಳೆದುಕೊಂಡರು. ಮುದುಕ ಮಳೆಯ ಕಡೆ ಮುಖ ಮಾಡಿ ಶುರು ಮಾಡಿದ.

"ಅಂಕಲಗಿ ಮಾಳಪ್ಪ ಅಂತ ಒಬ್ಬಾಂವ ನನ್ನ ಕಡೆ ಕೆಲಸಕ್ಕಿದ್ದ. ನನಗಿಂತ ಹಿರ್ಯಾ. ಪಾನಾ ಹಿಡಿಯೂದ್ರಾಗ ಅಷ್ಟಕ್ಕಷ್ಟ, ಆದ್ರ ಕಿವಿ ಅಂದ್ರ ಕಿವಿ. ಗಾಡಿ ಸಪ್ಪಳ ಮಾಡತೈತಿ ಅಂತ ಯಾರರೆ ಬಂದ್ರ ನಾವು ಬಿಚ್ಚಾಕ ಹೋಗತಿರಲಿಲ್ಲ... ಮಾಳಪ್ಪ ಖಾಲಿ ಬಾಡಿಯಾಗ ಬೋರಲ ಮಲಗಿ ತಗಡಿಗೆ ಕಿವಿ ಹಚ್ಚಾಂವ, ಮಾಲಕ ಗಾಡಿ ಹೊಡ್ಯಾಂವ. ಮುಂದ ಕುಂತಾವಗ ಹಿಂದಿಂದು ಎಲ್ಲಿ ತಿಳೀತೈತಿ? ಅದಕ್ಕ ಮಾಳಪ್ಪ ಪಾನಾದಿಂದ ತಗಡ ಬಡದು ಹೇಳಾಂವ. ಒಂದ ಸಲ ಬಡದ್ರ ಗೇರ್‌ಬಾಕ್ಸು, ಎರಡ ಸಲ ಬಡದ್ರ ನಡುವಿನ ಶಾಫ್ಟು, ಮೂರ ಬಡದ್ರ ಹಿಂದಿನ ಹೌಸಿಂಗು. ಬಡತ ಕೇಳಿದ ಕೂಡ್ಲೆ ಗಾಡಿ ನಿಲ್ಲಸಬೇಕು, ಇದು ನಮ್ಮ ಕಾಯ್ದೆ. ಇನ್ನೊಂದು ಕಾಯ್ದೆ ಇತ್ತು, ಅದು ಮಾಳಪ್ಪಂದ. ಗಾಡಿ ಗ್ಯಾರೇಜಿಗೆ ಬಂದ ಮ್ಯಾಲೆ ಮಾಲಕ ತಾನ ಬಂದು ಹಿಂದಿನ ಬಾಗಲಾ ತಗದು 'ಇಳಿಯಪ್ಪಾ' ಅನಬೇಕು. ಅಲ್ಲೀತನಕ ಅಂವ ಏಳತಿರಲಿಲ್ಲ. ಇಂಜಿನ್ ಬಂದಾದ ಮ್ಯಾಲೂ ಕಬ್ಬಿಣ ಆರೂತನಕ ಮಾತಾಡತೈತಿ ಅಂತಿದ್ದ...

"ಶಿವಕುಮಾರ ಅಂತ ಒಬ್ಬ ಮಾಲಕ ಇದ್ದ. ಉಳ್ಳಾಗಡ್ಡಿ ಹೇರಾಂವ. ಇಂಥಾದ ಮಳಿಯಾಗ ಗಾಡಿ ತಂದ. ನಾ ಇನ್ನೊಂದು ಗಾಡಿ ಕೆಳಗಿದ್ದೆ, ಬಡತದ ಕಾಯ್ದೆ ಅವಗ ಯಾರೂ ಹೇಳಲಿಲ್ಲ. ಮಾಳಪ್ಪ ತಾಡಪತ್ರಿ ಹೊತಗೊಂಡು ಬಾಡಿಯಾಗ ಮಲಗಿದ, ಇಂವ ಹುಕ್ಕೇರಿ ದಿಕ್ಕಿಗೆ ಹೊಡದ. ಊರ ದಾಟೂದ್ರಾಗ ಮಾಳಪ್ಪ ಬಡದ, ಎರಡು. ಮತ್ತ ಎರಡು. ಶಿವಕುಮಾರಗ ಕೇಳಿಸ್ತು, ಕೇಳಿಸಲಿಲ್ಲಂತಲ್ಲ... ಆದ್ರ ಅಂವ ಏನ ತಿಳಕೊಂಡ? ಗಾಡೀದ ಸಪ್ಪಳ ಈಗ ಚೊಲೊ ಬರಾಕತೈತಿ, ಇನ್ನಷ್ಟು ಜೋರ ಹೊಡದ್ರ ಮಾಳಪ್ಪಗ ಸರಿಯಾಗಿ ಕೇಳಸತೈತಿ ಅಂತ ತಿಳಕೊಂಡ. ಹೇಳಾಂವ ಬ್ಯಾರೆ, ಸಪ್ಪಳ ಬ್ಯಾರೆ ಅನ್ನೂದು ಮಳಿಯಾಗ ಹೆಂಗ ಹೊಳೀಬೇಕು? ಶಿವಕುಮಾರ ಜೋರ ಹೊಡದ, ಮಾಳಪ್ಪ ಜೋರ ಬಡದ. ಶಾಫ್ಟ್ ಮುಂದಿನ ತುದಿ ಕಳಚಿ ರೋಡಿಗೆ ನಟ್ಟು ಗಾಡಿ ಎದ್ದು ಹೊಳ್ಳಿಬಿತ್ತು. ಮಾಳಪ್ಪ ಬಾಜೂದಿಂದ ಹಾರಿ ಬಿದ್ದ, ಅಲ್ಲೇ ಜೀವ ಹೋತು. ಹಿಂದಿನ ಬಾಗಲಾ ಯಾರೂ ತಗೀಲಿಲ್ಲ. 'ಇಳಿಯಪ್ಪಾ' ಅಂತ ಯಾರೂ ಅನ್ನಲಿಲ್ಲ..."

ದಾನೇಶ್ವರಿ ತನಗೆ ತಿಳಿಯದಂತೆ ಪಿಕಪ್ಪಿನ ಕಡೆ ನೋಡಿದಳು. ಖಾಲಿ ಬಾಡಿಯಲ್ಲಿ ಸಸಿಯ ಟ್ರೇಗಳಿಂದ ಉದುರಿದ ಮಣ್ಣು ನೆನೆದು ಕೆಸರಾಗಿತ್ತು.

"ವರ್ಷಾದ ಮ್ಯಾಲೆ ಶಿವಕುಮಾರ ಹೊಸಾ ಗಾಡಿ ತಗೊಂಡ. ಅದು ಖಾಲಿ ಆದಾಗೆಲ್ಲಾ ಸಪ್ಪಳ. ಗೋಕಾಕದಾಗ ಶಾಫ್ಟಿನ ಕ್ರಾಸ್ ಬದಲ್ ಮಾಡಿದ್ರು, ಮೂಡಲಗಿಯಾಗ ಬೇರಿಂಗ್ ಬದಲ್ ಮಾಡಿದ್ರು, ಹುಕ್ಕೇರಿಯಾಗ ಪಾಟಾ ಬಿಚ್ಚಿ ಹಾಕಿದ್ರು. ಸಪ್ಪಳ ಹೋಗಲಿಲ್ಲ. ಕಡೀಕ ನನ್ನ ಕಡೆ ಬಂದ. ಈಗ ಕೇಳಾಕ ಮಾಳಪ್ಪಿಲ್ಲ, ನಾನ ಮಲಗಿದೆ. ತಗಡಿಗೆ ಕಿವಿ ಹಚ್ಚಿದೆ. ಗಾಡಿ ಹೊಂಟಿತು. ಕಟ್ ಕಟ್ ಕಟ್... ಮೂರು. ಮಗಳ, ಸಪ್ಪಳ ಕೆಳಗಿಂದ ಬರಬೇಕಲ್ಲೋ? ತಗಡಿನ ಕೆಳಗ ಗಾಡಿ, ಮ್ಯಾಲೆ ನಾನು. ಅದು ಕೆಳಗಿಂದ ಬರಲಿಲ್ಲ. ತಗಡಿನ ಮ್ಯಾಲೆ, ನನ್ನ ತಲಿ ಬಾಜೂಕ ಬಂತು. ನನಗೂ ಅದಕ್ಕೂ ನಡುವ ಏನೂ ಇರಲಿಲ್ಲ...

"ನಾ ಕಣ್ಣ ತಗೀಲಿಲ್ಲ. ತಿರಿಗಿ ಬಂದು ಹೌಸಿಂಗ್ ಬಿಚ್ಚಿದೆ. ಒಳಗಿನ ಹಲ್ಲಿನ ಗಾಲಿ ಬೋಲ್ಟು ಬೆರಳಿಗೇ ತಿರಗಿ ಬಂದ್ವು. ಇನ್ನೊಂದು ಲೋಡ್ ಹೇರಿದ್ರ ಶಿವಕುಮಾರ ಉಳೀತಿರಲಿಲ್ಲ. ಬಿಗದು ಕಟ್ಟಿದ ಮ್ಯಾಲೆ ಅವನ ಕೈಲೆ ಹಿಂದಿನ ಬಾಗಲಾ ತಗಸಿದೆ. 'ಇಳಿಯಪ್ಪಾ' ಅಂದ. ಒಬ್ಬ ಮನಷ್ಯಾ ಇಳದಾಗ ಪಾಟಾ ಹೆಂಗ ಎರಡ ಬೆರಳ ಮ್ಯಾಲೆ ಏಳತಾವು... ಹಂಗ ಎದ್ವು. ಬಾಡಿಯಾಗ ಯಾರೂ ಇರಲಿಲ್ಲ."

ಲಕ್ಷ್ಮಣನೇ ಮೊದಲು ನಕ್ಕ. "ಮಾಮಾ, ಗಿರಾಕಿ ಓಡಿ ಹೋಗತಾರ."

"ನಮ್ಮ ಗಾಡ್ಯಾಗ ಎರಡು," ಅಂದಳು ದಾನೇಶ್ವರಿ. "ಯಾವಾಗ್ಲೂ ಎರಡ ಬರತೈತಿ."

ಕಾಶೆವ್ವ ಸೊಸೆಯ ಮುಖ ನೋಡಿದಳು. ಲಕ್ಷ್ಮಣನ ನಗು ಅರ್ಧಕ್ಕೆ ನಿಂತಿತು. ಅವನು ಮೊಬೈಲಿನ ಬೆಳಕು ಹಿಡಿದು ಮತ್ತೆ ಗಾಡಿಯ ಕೆಳಗೆ ನುಗ್ಗಿದ. ಶಾಫ್ಟನ್ನು ಅಳ್ಳಾಡಿಸಲಿಲ್ಲ, ಈ ಸಲ ಪೂರ್ತಿ ಬಿಚ್ಚಿ ಇಳಿಸಿದ. ಅದರ ತುದಿಯನ್ನು ಜೋಡಿಸುವ ಕ್ರಾಸನ್ನು ಹೊಡೆದು ತೆಗೆದಾಗ ಬೇರಿಂಗಿನ ಒಂದು ಬಟ್ಟಲಿನಿಂದ ಗ್ರೀಸಿನ ಬದಲು ಕೆಂಪು ಪುಡಿ ಉದುರಿತು. ಒಳಗಿನ ಸೂಜಿಯಂಥ ರೋಲರುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಹಿಡಿದು ಅಳ್ಳಾಡಿಸಿದರೆ ಗಟ್ಟಿ ಅನ್ನಿಸಿದ್ದು ಅದಕ್ಕೇ.

"ಸಿಕ್ತ್ರಿ," ಅಂದ ಲಕ್ಷ್ಮಣ. ದನಿ ಸಣ್ಣದಾಗಿತ್ತು.

ಹೊಸ ಕ್ರಾಸ್ ಕೂಡಿಸಿ ಶಾಫ್ಟ್ ಕಟ್ಟುವಷ್ಟರಲ್ಲಿ ಮಳೆ ತೆಳುವಾಯಿತು. ದಾನೇಶ್ವರಿ ಗಾಡಿ ತೆಗೆದುಕೊಂಡು ಘಟಪ್ರಭಾದ ತನಕ ಹೋಗಿ ಬಂದಳು. ಗೇರು ಹಾಕಿದಳು, ಬಿಟ್ಟಳು, ಮತ್ತೆ ಹಾಕಿದಳು. ಸಪ್ಪಳವಿಲ್ಲ. ವಾರದಿಂದ ಹೆಗಲ ಮೇಲೆ ಕುಳಿತದ್ದೇನೋ ಇಳಿದಂತಾಯಿತು. ನಾಳೆ ಬೆಳಗಾಗುವ ಮೊದಲು ಹೆಣ್ಣುಮಕ್ಕಳನ್ನು ಎಬ್ಬಿಸಬೇಕು, ಎಲ್ಲರೂ ತಾಡಪತ್ರಿ ತರಬೇಕು ಎಂದೆಲ್ಲ ಯೋಚಿಸುತ್ತ ಗ್ಯಾರೇಜಿನ ಮುಂದೆ ಇಂಜಿನ್ ಬಂದು ಮಾಡಿದಳು.

ದುಂಡಪ್ಪ ಮಿಸ್ತ್ರಿ ಕೋಲು ಊರಿಕೊಂಡು ಬಂದು ಹಿಂದಿನ ಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತ. ಕಣ್ಣಿಗೆ ಕಾಣದ್ದಕ್ಕೆ ಪಾಟಾದ ಮೇಲೆ ಅಂಗೈ ಇಟ್ಟ.

"ಬಾಗಲಾ ತಗಿ ಮಗಳ. ಕರಿ."

ನಾಚಿಕೆಯೆನಿಸಿದರೂ ಅವಳು ಹಿಂದಿನ ಬಾಗಿಲಿನ ಕೊಂಡಿ ಬಿಚ್ಚಿ ಇಳಿಸಿದಳು. ಒದ್ದೆ ಮಣ್ಣಿನ ವಾಸನೆ ಬಂತು.

"ಇಳಿಯಪ್ಪಾ," ಅಂದಳು.

ತಗಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಶೆವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮುದುಕನ ಅಂಗೈ ಪಾಟಾದ ಮೇಲೆ ಹಾಗೇ ಇತ್ತು. ಬಹಳ ಹೊತ್ತು ಇತ್ತು.

"ಲಕ್ಷ್ಮಣಾ," ಅಂದ ಕಡೆಗೆ, "ಇವತ್ತ ಈ ಗಾಡಿ ಇಲ್ಲೇ ಇರಲಿ."

"ಯಾಕ್ ಮಾಮಾ? ಸಪ್ಪಳ ನಿಂತೈತೆಲ್ಲ."

ಮುದುಕ ದಾನೇಶ್ವರಿ ಇದ್ದ ಕಡೆ ತಿರುಗಿದ. "ಹೆಣ್ಮಕ್ಕಳಿಗೆ ಫೋನ್ ಮಾಡವಾ. ನಾಳೆ ಬಸ್ಸಿಗೆ ಹೋಗಲಿ."

ಅವಳು ಫೋನು ತೆಗೆದಳು. ಯಾರ ಹೆಸರು ಒತ್ತಬೇಕೆಂದು ಹೊಳೆಯಲಿಲ್ಲ. "ಇನ್ನೂ ಏನರೆ ಕೆಟ್ಟೈತೇನ್ರಿ ಕಾಕಾ? ಈಗ ಏನೂ ಬಡ್ಯಾಕತ್ತಿಲ್ಲಲ್ಲ?"

"ಬಡ್ಯಾಕತ್ತಿಲ್ಲ," ಅಂದ ಮುದುಕ. ಬಾಗಿಲು ತೆರೆದ ಖಾಲಿ ಬಾಡಿಯ ಕಡೆ ಮುಖ ಮಾಡಿ ದನಿ ಇನ್ನಷ್ಟು ತಗ್ಗಿಸಿದ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ. "ಆದ್ರ ಇಳದೂ ಇಲ್ಲ. ಸುಮ್ಮನಿರು ಮಗಳ... ಕೇಳಾಕತ್ತಾನ."