ಇಸ್ತ್ರಿ ಅಂಗಡಿಯ ಗೆಣಸು

ಒಂದೂರಲ್ಲಿ ಒಬ್ಬ ಸೊಸೆಯಿದ್ದಳಂತೆ, ಅವಳು ಬೆಳೆದ ಗೆಣಸು ಬರೀ ಸಪ್ಪೆಯಂತೆ. ಅಜ್ಜಿ ಹೇಳಿದ್ದರೆ ಕಥೆ ಹೀಗೇ ಶುರುವಾಗುತ್ತಿತ್ತು. ನಾನು ಕೇಳಿದ್ದು ಇಸ್ತ್ರಿ ಅಂಗಡಿಯಲ್ಲಿ, ಬಟ್ಟೆಗೆ ಕಾಯುತ್ತಾ.

ಆ ಸೊಸೆ ಅತ್ತೆಯ ಜೊತೆ ಅಲ್ಲಿಗೆ ಬಂದಿದ್ದಳು. ಅತ್ತೆಯ ಕೈಯಲ್ಲಿ ಬದನೆ ಸಸಿಗಳಿದ್ದವು.

"ಗೆಣಸು ಸಾಕು. ಹಿತ್ತಿಲಲ್ಲಿ ಆ ಮಡಿಗೆ ಇವತ್ತೇ ಬದನೆ ನೆಡ್ತೀನಿ ಕಣೇ."

"ತಾಳಿ ಅತ್ತೆ. ಅವತ್ತು ಕಿತ್ತ ಕೂಡಲೇ ಬೇಯಿಸಿದ್ದಕ್ಕೆ ಸಪ್ಪೆಯಾಗಿತ್ತು. ಉಳಿದ ಮೂಟೇನ ಇಲ್ಲಿ ಇಸ್ತ್ರಿ ಕೆಂಡದ ಪಕ್ಕ ಕೆಲವು ದಿನ ಬೆಚ್ಚಗಿಟ್ಟು ಸಿಹಿ ಮಾಡ್ತೀನಿ ಅಂತ ಮಾತು ಕೊಟ್ಟಿರ್ಲಿಲ್ವಾ? ಇವತ್ತಿಗೆ ಆ ದಿನ ಮುಗೀತು."

"ಗೆಣಸಿಗೂ ಬಾಣಂತನವಾ!"

"ಹೂಂ. ಸ್ನಾನ ಮಾತ್ರ ಇಲ್ಲ, ತೊಳೆದ್ರೆ ಕೊಳೆಯುತ್ತೆ."

ಇಸ್ತ್ರಿಯವನು ಆ ಮೂಟೆಯಿಂದಲೇ ತೆಗೆದು ಕೆಂಡದಲ್ಲಿ ಸುಟ್ಟ ಒಂದು ಗೆಣಸನ್ನು ಮುರಿದುಕೊಟ್ಟ. ಅತ್ತೆ ತಿಂದರು, ಬೆರಳಿಗೆ ಅಂಟಿದ್ದನ್ನೂ ಬಿಡಲಿಲ್ಲ.

"ಹೇಗಿದೆ ಅತ್ತೆ?"

"ಸುಮ್ನಿರೇ, ತಿನ್ನೋಕೆ ಬಿಡು."

ಆಮೇಲೆ ಬದನೆ ಸಸಿಗಳನ್ನು ಅವನ ಮೇಜಿನ ಮೇಲಿಟ್ಟರು.

"ನಿನ್ನ ಹಿತ್ತಿಲಲ್ಲಿ ನೆಟ್ಕೋಪ್ಪಾ. ನಮ್ಮಲ್ಲಿ ಜಾಗ ಇಲ್ಲ."

ಗೆಣಸಿನ ಮೂಟೆಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಹೊರಟರು.