ನಗದಿದ್ದರೆ ಪಾತ್ರೆ ತೊಳೆಯಬೇಕು

ಈ ಸಭೆಯ ಅಧ್ಯಕ್ಷರೂ ನಮ್ಮ ಕಟ್ಟೆಯನ್ನು ಕಟ್ಟಿದವರೂ ಆದ ಫ್ಯೂಸು ಅವರೇ, ಇಷ್ಟು ವರ್ಷಗಳಲ್ಲಿ ಒಂದು ದಿನವೂ ನನ್ನ ಮಾತು ಒಪ್ಪದ ಮೇಷ್ಟ್ರೇ, ಮುಖ್ಯ ಅತಿಥಿಗಳಾಗಿ ಬಂದು ಈಗ ನನ್ನನ್ನೇ ಪಿಳಿಪಿಳಿ ನೋಡುತ್ತಿರುವ ಮಾನ್ಯ ಮೇಯರ್ ಅವರೇ, ಫೋನಿನೊಳಗೆ ಹುಲಿಗಳಾಗಿದ್ದು ಇವತ್ತು ಕುರ್ಚಿಯ ಮೇಲೆ ಬೆಕ್ಕಿನ ಮರಿಗಳ ಹಾಗೆ ಕೂತಿರುವ ಸಭಿಕರೇ,

ಮೊದಲು ಒಂದು ವಿನಂತಿ. ನನಗೆ ಕಿವಿ ಕೇಳುವುದಿಲ್ಲ. ಚಪ್ಪಾಳೆ ತಟ್ಟುವವರು ಕೈ ತಲೆಯ ಮೇಲೆ ಎತ್ತಿ ತಟ್ಟಿ, ಕಾಣಲಿ. ಬೈಯುವವರು ಹೇಗೆ ಬೇಕಾದರೂ ಬೈಯಿರಿ, ನನಗೇನೂ ನಷ್ಟವಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಅಧ್ಯಕ್ಷರು "ಸೌಟು ಅವರು ವೇದಿಕೆಗೆ ಬರಬೇಕು" ಎಂದು ಕರೆದರು. ನನಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದುದರಿಂದ ನಿಜವಾದ ಸೌಟೊಂದನ್ನೇ ಮೇಲೆತ್ತಿ ತೋರಿಸಿದರು. ನಾನು ಎದ್ದು ಮೆಟ್ಟಿಲು ಹತ್ತಿದೆ. ಆಗ ಮೇಯರ್ ಅವರು ಓಡಿ ಬಂದು ನನ್ನ ತೋಳು ಹಿಡಿದು ಏನು ಹೇಳಿದರು ಗೊತ್ತೇ? ತುಟಿ ನೋಡಿ ತಿಳಿದುಕೊಂಡೆ. "ಅಮ್ಮಾ, ಇಲ್ಲಲ್ಲ, ನಿನ್ನ ಕುರ್ಚಿ ಕೆಳಗಡೆ."

ಹೌದು ಸಭಿಕರೇ. ಮೇಯರ್ ಅವರು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಸೌಟು ಎಂಬ ಹೆಸರಿನಲ್ಲಿ ನಿಮ್ಮೆಲ್ಲರ ಚರ್ಮ ಸುಲಿದವಳು ನಾನು. ಮೊದಲನೆಯ ಸುದ್ದಿ ನಿಮಗೆ ಗೊತ್ತಿರಲಿಲ್ಲ, ಎರಡನೆಯದು ಅವಳಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವರು ಅಧ್ಯಕ್ಷರೊಬ್ಬರೇ. ಫ್ಯೂಸು ಎಂದು ಅವರಿಗೆ ಯಾಕೆ ಹೆಸರು ಬಂತೋ ಕಾಣೆ, ಇಷ್ಟು ದಿನದಲ್ಲಿ ಅವರ ಬಾಯಿ ಒಮ್ಮೆಯೂ ಹಾರಲಿಲ್ಲ.

ನಿಮ್ಮ ಜೊತೆ ಬಂದಿರುವ ಮನೆಯವರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಕಟ್ಟೆ ಎಂದರೆ ಕಲ್ಲಿನ ಕಟ್ಟೆಯಲ್ಲ. ಅದು ಫೋನಿನಲ್ಲಿದೆ. ಒಂದು ಕಡೆ ಯಂತ್ರಗಳ ಮಾತು, ಇನ್ನೊಂದು ಕಡೆ ರಾಜಕೀಯದ ಮಾತು, ಎರಡೂ ಕಡೆ ಜಗಳ. ಯಾರಿಗೂ ನಿಜವಾದ ಹೆಸರಿಲ್ಲ. ನಿಮ್ಮ ಗಂಡ ಸಂಜೆ ಫೋನು ನೋಡಿ ಒಬ್ಬರೇ ಹಲ್ಲು ಕಡಿಯುತ್ತಿದ್ದರೆ, ತಾಯಿ, ಹೆದರಬೇಡಿ, ನಮ್ಮ ಜೊತೆ ಇದ್ದಾರೆ ಎಂದು ತಿಳಿಯಿರಿ.

ನಾನು ಇಲ್ಲಿಗೆ ಬಂದದ್ದೇ ಒಂದು ತಪ್ಪಿನಿಂದ. ನನ್ನ ಫೋನಿನಲ್ಲಿ ಮಾತು ಕೇಳುವುದು ದಿನೇ ದಿನೇ ಕಡಿಮೆಯಾಗುತ್ತಿತ್ತು. ಹಾಳಾಗಿದೆ ಎಂದು ಅಧ್ಯಕ್ಷರ ರಿಪೇರಿ ಅಂಗಡಿಗೆ ಕೊಂಡೊಯ್ದೆ. ಅವರು ಬಿಚ್ಚಿದರು, ಊದಿದರು, ಮುಚ್ಚಿದರು, ತಮ್ಮ ಕಿವಿಗೆ ಇಟ್ಟುಕೊಂಡು ನೋಡಿದರು. ಆಮೇಲೆ ಒಂದು ಚೀಟಿಯಲ್ಲಿ ಬರೆದು ತೋರಿಸಿದರು: "ಅಜ್ಜೀ, ಫೋನು ಸರಿಯಾಗಿದೆ. ರಿಪೇರಿ ಬೇಕಾಗಿರೋದು ಕಿವಿಗೆ. ಅದನ್ನ ನಮ್ಮಲ್ಲಿ ಮಾಡಲ್ಲ."

ನನಗೆ ಎಷ್ಟು ಸಿಟ್ಟು ಬಂತೆಂದರೆ, ಅದೇ ಚೀಟಿಯ ಹಿಂದೆ ಬರೆದೆ: "ನಿನ್ನ ನಾಲಿಗೆಗೂ ರಿಪೇರಿ ಬೇಕು, ಅದನ್ನ ನಮ್ಮಲ್ಲಿ ಮಾಡ್ತೀವಿ." ಅವರು ಬಿದ್ದು ಬಿದ್ದು ನಕ್ಕರು. "ಅಜ್ಜೀ, ನೀವು ಇರಬೇಕಾದ ಜಾಗ ಬೇರೆ ಇದೆ" ಎಂದು ಬರೆದು, ನನ್ನನ್ನು ಕಟ್ಟೆಯ ಮೇಲೆ ಕೂರಿಸಿದರು.

ನಾನು ಹಳ್ಳಿಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಹೋದ ದಿನ ಅಲ್ಲಿ ನಿಮ್ಮದು ದೊಡ್ಡ ಕುರುಕ್ಷೇತ್ರ ನಡೆದಿತ್ತು. ನನ್ನ ಫೋನು ಬುದ್ಧಿವಂತ, ಇಲ್ಲ ನನ್ನದೇ ಬುದ್ಧಿವಂತ, ಅಂತ. ನಾನು ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಹೊಡೆದಾಡಬೇಡಿ ಮಕ್ಕಳೇ. ಮನೆಗೊಬ್ಬರಾದರೂ ಬುದ್ಧಿವಂತರಿರಲಿ, ಫೋನೇ ಆದರೂ ಸರಿ." ಅಲ್ಲಿಂದ ಶುರುವಾಯಿತು. ಇನ್ನೊಮ್ಮೆ ಎರಡು ಪಕ್ಷದವರೂ ಒಂದೇ ರಸ್ತೆಯ ಫೋಟೋ ಹಾಕಿದ್ದರು. ಒಂದರಲ್ಲಿ ಗುಂಡಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಸುಳ್ಳ, ನೀನು ಸುಳ್ಳ, ಎಂದು ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು. ನಾನು ಬರೆದೆ: "ಎರಡೂ ನಿಜ. ಒಬ್ಬರು ಕಾರಿನೊಳಗೆ ಕೂತು ತೆಗೆದಿದ್ದಾರೆ, ಇನ್ನೊಬ್ಬರು ಬಿದ್ದ ಮೇಲೆ ತೆಗೆದಿದ್ದಾರೆ." ಅವತ್ತು ಎರಡೂ ಪಕ್ಷ ಒಟ್ಟಾಗಿ ನನ್ನನ್ನು ಬೈದವು. ನಾಡಿನಲ್ಲಿ ಒಗ್ಗಟ್ಟು ತಂದವಳು ನಾನು!

ಆದರೆ ಇವತ್ತು ನೀವು ನನ್ನನ್ನು ಸನ್ಮಾನಿಸುತ್ತಿರುವುದು ನಗೆಮಾತಿಗಲ್ಲ, ಒಂದು ನಿಯಮಕ್ಕೆ. ಆ ನಿಯಮ ನನ್ನ ಸ್ವಂತದ್ದೂ ಅಲ್ಲ, ನನ್ನ ಅತ್ತೆಯದ್ದು.

ಅತ್ತೆಯ ಮನೆಯಲ್ಲಿ ನಾವು ಸೊಸೆಯಂದಿರು ಬಹಳ ಮಂದಿ. ಅಡುಗೆಮನೆ ಒಂದೇ. ಬಾಯಿ ಸುಮ್ಮನಿರುತ್ತದೆಯೇ? ಅತ್ತೆ ಹೇಳಿದ್ದರು: "ಬೈಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಬೈಸಿಕೊಂಡೋಳು ನಗಬೇಕು. ನಗಲಿಲ್ಲ ಅಂದ್ರೆ, ಬೈದೋಳು ಇವತ್ತಿನ ಪಾತ್ರೆ ಪೂರ್ತಿ ತೊಳೀಬೇಕು." ಎಂಥ ನ್ಯಾಯ ನೋಡಿ! ನಗಿಸುವ ಹಾಗೆ ಬೈಯಬೇಕಾದರೆ ಎದುರಿಗಿರುವವಳ ಮನಸ್ಸು ತಿಳಿದಿರಬೇಕು. ಎಲ್ಲಿ ಮುಟ್ಟಿದರೆ ಕಚಗುಳಿ, ಎಲ್ಲಿ ಮುಟ್ಟಿದರೆ ಗಾಯ, ಗೊತ್ತಿರಬೇಕು. ಮೊದಲ ವರ್ಷ ನಾನು ತೊಳೆದ ಪಾತ್ರೆ ದೇವರಿಗೇ ಪ್ರೀತಿ.

ಕಟ್ಟೆಯಲ್ಲಿ ಯಾರೋ ಮೇಷ್ಟ್ರಿಗೆ "ನಿಮಗೆ ಅರಳು ಮರಳು" ಎಂದು ಬರೆದು, ಮೇಷ್ಟ್ರು ಬಾಗಿಲು ಹಾಕಿಕೊಂಡು ಹೋಗಿ, ತಿಂಗಳಾದರೂ ಬಾರದಿದ್ದಾಗ ನಾನು ಈ ನಿಯಮ ಹೇಳಿದೆ. ಬೈಸಿಕೊಂಡವರು "ನಕ್ಕೆ" ಎಂದು ಬರೆದರೆ ಬೈಗುಳ ಉಳಿಯುತ್ತದೆ. "ನಗಲಿಲ್ಲ" ಎಂದರೆ ಬೈದವರು ಅದನ್ನು ಅಳಿಸಬೇಕು, ಮತ್ತೆ ಎಲ್ಲೂ ಆಡಬಾರದು. ಅಷ್ಟೇ ಅಲ್ಲ, ಎದುರಾಳಿಯ ವಾದದಲ್ಲಿ ಸರಿಯಾದದ್ದು ಏನಿದೆ ಎಂದು ಹುಡುಕಿ ಬರೆಯಬೇಕು. ಅದಕ್ಕೆ ನಾವು ಪಾತ್ರೆ ತೊಳೆಯುವುದು ಎನ್ನುತ್ತೇವೆ. ಇವತ್ತು ಬೇರೆ ಕಟ್ಟೆಗಳು ಬೆಂಕಿ ಹತ್ತಿ ಬೂದಿಯಾಗಿವೆ. ನಮ್ಮದು ನಿಂತಿದೆ. ಮೇಷ್ಟ್ರು ವಾಪಸು ಬಂದು ಇನ್ನೂ ನನ್ನ ತಲೆ ತಿನ್ನುತ್ತಿದ್ದಾರೆ. ನಾನು ಹೆಮ್ಮೆ ಪಡಬಾರದೇ? ಪಡುತ್ತೇನೆ.

ಈಗ ಮೇಯರ್ ಅವರ ವಿಷಯ. ತಲೆ ತಗ್ಗಿಸಿ ಫೋನು ನೋಡುತ್ತಾ ಕೂತಿದ್ದಾರೆ. ಸಿಟ್ಟು ಬಂದಿರಬೇಕು. ಬರಲಿ, ತಾಯಿಗೆ ತಕ್ಕ ಮಗಳು.

ಇವರು ಮೇಯರ್ ಆದ ಮೇಲೆ ಪಾಲಿಕೆಯ ದೂರಿನ ಕಿಟಕಿ ಮುಚ್ಚಿಸಿ, ಫೋನಿನಲ್ಲಿ ಉತ್ತರ ಕೊಡುವ ಯಂತ್ರ ತಂದರು. ಇದಕ್ಕೆ ಇದನ್ನು ಒತ್ತಿ, ಅದಕ್ಕೆ ಅದನ್ನು ಒತ್ತಿ, ಶಬ್ದ ಬಂದ ಮೇಲೆ ಮಾತಾಡಿ. ನಮ್ಮ ಬೀದಿಯ ನಲ್ಲಿ ಸೋರುತ್ತಿತ್ತು. ನಾನು ಫೋನು ಮಾಡಿದೆ. ಶಬ್ದ ಬಂತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಗೋಡೆಗೆ ಹೇಳಿದ ಹಾಗೆ ಎಲ್ಲ ಹೇಳಿ ಇಟ್ಟೆ. ಮಾರನೆಯ ದಿನ ನಮ್ಮ ಬೀದಿಗೆ ಬೀದಿನಾಯಿ ಹಿಡಿಯುವ ಗಾಡಿ ಬಂತು.

ಕಟ್ಟೆಗೆ ಹೋಗಿ ಮೇಯರ್ ಬಗ್ಗೆ ಒಂದು ನಗೆಮಾತು ಬರೆದೆ. ನನ್ನ ಜನ್ಮದಲ್ಲೇ ಅಂಥ ಮಾತು ಹೊಳೆದಿರಲಿಲ್ಲ. ಊರೆಲ್ಲ ಹರಡಿತು. ಬಸ್ಸಿನಲ್ಲಿ ಜನ ಅದನ್ನು ಓದಿ ನಗುವುದನ್ನು ಕಣ್ಣಾರೆ ಕಂಡೆ. ರಾತ್ರಿ ಊಟಕ್ಕೆ ಕೂತಾಗ ಮಗಳ ಮುಖ ಕೆಂಡ. ತಟ್ಟೆ ಕುಟ್ಟುತ್ತಾ ಗಂಡನಿಗೆ ಹೇಳುತ್ತಿರುವುದು ತುಟಿಯಲ್ಲೇ ಕಾಣುತ್ತಿದೆ: "ಆ ಸೌಟು ಯಾರು ಅಂತ ಗೊತ್ತಾಗಲಿ, ಇದೆ ಅವನಿಗೆ." ನಾನು ಅದೇ ಹೊತ್ತಿಗೆ ಅವಳ ತಟ್ಟೆಗೆ ಬಡಿಸುತ್ತಿದ್ದೇನೆ. ಕೈಯಲ್ಲಿ ಏನಿತ್ತು ಎಂದು ನಾನು ಹೇಳಬೇಕೇ? "ಏನಾಯ್ತೇ?" ಎಂದು ಕೇಳಿದೆ. "ಏನಿಲ್ಲಮ್ಮ, ಬಿಡು."

ಸಭಿಕರೇ, ಕಿವಿ ಹೋದವರ ಮನೆಯಲ್ಲಿ ಲೋಕದ ಸಂಗತಿಗೆಲ್ಲ ಒಂದೇ ಹೆಸರು, ಏನಿಲ್ಲ. ಅಳಿಯ ಮಗಳು ಮಾತಾಡಿಕೊಂಡು ನಗುತ್ತಾರೆ. ಏನದು? ಏನಿಲ್ಲ. ಪಕ್ಕದ ಮನೆಯಲ್ಲಿ ಜನ ಸೇರಿದ್ದಾರೆ. ಯಾಕಂತೆ? ಏನಿಲ್ಲ. ತಪ್ಪು ಹೇಳುತ್ತಿಲ್ಲ. ದಿನವಿಡೀ ದುಡಿದು ಬಂದವರಿಗೆ ಪ್ರತಿ ಮಾತನ್ನೂ ಎರಡೆರಡು ಸಲ ಕಿರುಚಲು ಆಗುತ್ತದೆಯೇ? ಕಿರುಚಿ ಹೇಳುವಂಥ ಮಾತು ಎಷ್ಟಿರುತ್ತವೆ? ಊಟ ಆಯ್ತಾ. ಮಾತ್ರೆ ತಗೊಂಡ್ಯಾ. ಅಷ್ಟು ನನ್ನ ಪಾಲಿಗೆ ಬರುತ್ತಿತ್ತು. ಸಾಕು, ನನಗೇನು ಕಡಿಮೆ? ಇರಲಿ, ಎಲ್ಲಿಗೋ ಹೋದೆ.

ಮಾರನೆಯ ದಿನ ಮೇಯರ್ ಸ್ವತಃ ಕಟ್ಟೆಗೆ ಬಂದರು. ಬೇರೆಯವರಾಗಿದ್ದರೆ ಪೊಲೀಸರಿಗೆ ಹೇಳುತ್ತಿದ್ದರು, ಕಟ್ಟೆಯನ್ನೇ ಮುಚ್ಚಿಸುತ್ತಿದ್ದರು. ಇವರು ತಮ್ಮ ಹೆಸರಿನಲ್ಲೇ ಬಂದು, ನಮ್ಮ ನಿಯಮ ಓದಿಕೊಂಡು, ಒಂದೇ ಮಾತು ಬರೆದರು: "ನಗಲಿಲ್ಲ." ಅದರ ಕೆಳಗೆ ಉದ್ದಕ್ಕೆ ಬರೆದಿದ್ದರು. ನನಗೆ ಬಾಯಿಪಾಠ ಆಗಿದೆ.

"ಆ ಹಳೆಯ ಕಿಟಕಿಯಲ್ಲಿ ಮುಖ ನೋಡಿ ಮಣೆ ಹಾಕುತ್ತಿದ್ದರು. ನನ್ನ ಅಪ್ಪ ತೀರಿಕೊಂಡಾಗ ನನ್ನ ಅಮ್ಮ ನನ್ನನ್ನು ಸೊಂಟದ ಮೇಲೆ ಇಟ್ಟುಕೊಂಡು, ಮರಣಪತ್ರ ಸಿಕ್ಕಿಲ್ಲವೆಂದು ಹೇಳಲು ಅಲ್ಲಿ ನಿಂತಿದ್ದರು. ಹಿಂದೆ ಬಂದವರನ್ನೆಲ್ಲ ಗುಮಾಸ್ತ ಹೆಸರು ಹಿಡಿದು ಕರೆದ. ನಮ್ಮ ಸರದಿ ಬಂದಾಗ ಕಿಟಕಿ ಮುಚ್ಚಿದ. ಅಮ್ಮ ಮನೆಗೆ ಬರುವ ದಾರಿಯಲ್ಲಿ ನನ್ನನ್ನು ನಗಿಸುತ್ತಾ ಬಂದರು. ಯಂತ್ರ ಯಾರ ಮುಖವನ್ನೂ ನೋಡುವುದಿಲ್ಲ. ನಾನು ಅದನ್ನು ತಂದದ್ದು ನನ್ನ ಅಮ್ಮನಿಗಾಗಿ."

ನಾನು ಅದನ್ನು ಓದಿದ್ದು ಹಿಂದಿನ ಕೋಣೆಯಲ್ಲಿ, ಬಟ್ಟೆ ಮಡಿಸುತ್ತಾ. ಬರೆದವಳು ಮುಂದಿನ ಕೋಣೆಯಲ್ಲಿ. ನಡುವೆ ಒಂದು ಗೋಡೆ. ಅವಳಿಗೆ ಆ ಕಿಟಕಿ ನೆನಪಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ನಗಿಸಿದ್ದು ನೆನಪಿದೆ ಎಂದೂ ಗೊತ್ತಿರಲಿಲ್ಲ. ಯಾರು ಕಿರುಚಿ ಹೇಳುತ್ತಾರೆ ಅಂಥದ್ದನ್ನು?

ನಿಯಮ ಮಾಡಿದವಳೇ ಮುರಿಯಬಹುದೇ? ಆ ನಗೆಮಾತನ್ನು ಅಳಿಸಿದೆ. ಬೇಡ, ಕೂಗಬೇಡಿ, ಹೇಳಲಾರೆ, ನಿಮ್ಮ ಕೂಗು ಹೇಗೂ ನನಗೆ ಕೇಳಿಸುವುದಿಲ್ಲ. ಆಮೇಲೆ ಪಾತ್ರೆ ತೊಳೆಯಲು ಕೂತೆ. ಯಂತ್ರಕ್ಕೆ ಬಂಧುಬಳಗ ಇಲ್ಲ ಎಂದು ಬರೆದೆ. ಮಧ್ಯಾಹ್ನ ಊಟಕ್ಕೆ ಎದ್ದು ಹೋಗುವುದಿಲ್ಲ ಎಂದು ಬರೆದೆ. ಕೊನೆಗೆ, ನಾನೂ ಅಂಥ ಕಿಟಕಿಯ ಮುಂದೆ ನಿಂತವಳು ಎಂದು ಬರೆದೆ. ಆದರೆ ಸಭಿಕರೇ, ಪಾತ್ರೆ ತೊಳೆದ ಮೇಲೆ ಜಗಳ ಆಡಲು ಅಡ್ಡಿಯಿಲ್ಲವಷ್ಟೇ? "ಕಿವಿ ಕೇಳದವರು ನಿಮ್ಮ ಯಂತ್ರಕ್ಕೆ ಏನು ಹೇಳಬೇಕು?" ಎಂದು ಕೇಳಿದೆ. "ಅಂಥವರು ಎಷ್ಟು ಜನ ಇದ್ದಾರು?" ಎಂದರು. "ಲೆಕ್ಕ ಗೊತ್ತಿಲ್ಲ. ನಿಮ್ಮ ಮನೆಯಲ್ಲೇ ಒಬ್ಬರು ಇದ್ದರೂ ಇರಬಹುದು, ಎದ್ದು ನೋಡಿ" ಎಂದೆ.

ಬಾಗಿಲು ತೆರೆಯಿತು. ಬಂದು ನನ್ನ ಪಕ್ಕ ಕೂತಳು. ಫೋನನ್ನು ಬಟ್ಟೆಯ ಕೆಳಗೆ ತಳ್ಳಿದೆ. ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು: "ಅಮ್ಮ, ನಮ್ಮ ಪಾಲಿಕೆಗೆ ಫೋನ್ ಮಾಡಿದ್ರೆ ನಿನಗೆ ಕೇಳತ್ತಾ?"

"ಇಲ್ಲ."

"ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಎದ್ದು ಹೋಗುವಾಗ ನಾನು ಮಡಿಸಿದ ಬಟ್ಟೆಯ ಮೇಲೆ ಕೈ ಆಡಿಸಿ ಹೋದಳು. ಈಗ ಪಾಲಿಕೆಗೆ ಫೋನಿನಲ್ಲಿ ಬರೆದೂ ದೂರು ಕೊಡಬಹುದು. ಅದು ಹೇಗೆ ಬಂತು ಎಂದು ನೀವೆಲ್ಲ ಕೇಳುತ್ತೀರಿ. ಹೀಗೆ ಬಂತು. ನಮ್ಮ ನಲ್ಲಿ ಸೋರುವುದೂ ನಿಂತಿದೆ, ನಾಯಿಗಳೂ ಸುಖವಾಗಿವೆ.

ಅದಾದ ಮೇಲೆ ಮೇಯರ್ ಅವರಿಗೆ ಕಟ್ಟೆಯ ರುಚಿ ಹತ್ತಿತು. ದಿನವೂ ಸೌಟಿನ ಜೊತೆ ವಾದ. ಬಸ್ಸಿನ ದರಕ್ಕೆ, ಬೀದಿಯ ಕ್ಯಾಮೆರಾಕ್ಕೆ, ಯಂತ್ರ ಮನುಷ್ಯರ ಕೆಲಸ ಕಿತ್ತುಕೊಳ್ಳುತ್ತದೆಯೇ ಎಂಬುದಕ್ಕೆ. ಒಂದೊಂದು ಉತ್ತರ ಒಂದೊಂದು ಪುಟ. ಎಂಥ ಬುದ್ಧಿ, ಎಂಥ ನಾಲಿಗೆ, ನಾನು ಹೆತ್ತದ್ದು ಎಂದು ಒಬ್ಬಳೇ ಹಿಗ್ಗುತ್ತಿದ್ದೆ. "ಯಾಕಜ್ಜೀ, ಹೇಳಿಬಿಡಬಾರದಾ?" ಎಂದು ಅಧ್ಯಕ್ಷರು ಎಷ್ಟೋ ಸಲ ಕೇಳಿದರು. ಬೈಯುತ್ತಾಳೆಂಬ ಹೆದರಿಕೆಯೇ? ನನಗೆ? ಸೌಟು ಎಂದರೆ ಅಮ್ಮ ಎಂದು ಗೊತ್ತಾದರೆ, ಆ ಪುಟಗಳು ನಿಂತುಹೋಗುತ್ತವೆ. ಅಮ್ಮನ ಜೊತೆ ಯಾರು ಬಸ್ಸಿನ ದರದ ಬಗ್ಗೆ ವಾದ ಮಾಡುತ್ತಾರೆ? ಮತ್ತೆ ಊಟ ಆಯ್ತಾ, ಮಾತ್ರೆ ತಗೊಂಡ್ಯಾ.

ಇವತ್ತು ಕೂಡ ಒಂದೇ ಕಾರಿನಲ್ಲಿ ಬಂದೆವು. "ನೀನ್ಯಾಕಮ್ಮ ಬರ್ತೀಯ, ನಿನಗೆ ಬೇಜಾರಾಗತ್ತೆ" ಎಂದಳು. ಮನೆಯ ಗೋಡೆ ನೋಡುವ ಬದಲು ನಿನ್ನ ಮುಖ ನೋಡುತ್ತೇನೆ ಎಂದೆ. ಹಾಗಿದ್ದೂ ಯಾಕೆ ಮೆಟ್ಟಿಲು ಹತ್ತಿದೆ ಎಂದರೆ, ಮುಸುಕಿನೊಳಗೆ ಕೂತು ಹೆಮ್ಮೆ ಪಟ್ಟರೆ ಅರ್ಧ ಹೊಟ್ಟೆ ಊಟದ ಹಾಗೆ. ನನ್ನ ಮಗಳು ವಾದ ಮಾಡುವುದನ್ನು ನನ್ನ ಹೆಸರಿನಲ್ಲೇ ಹೊಗಳಬೇಕಿತ್ತು. ಹೊಗಳಿದೆ. ಪುಟಗಳು ಹೋದರೆ ಹೋಗಲಿ...

ಕ್ಷಮಿಸಿ. ಕೈಚೀಲದಲ್ಲಿ ಫೋನು ನಡುಗಿತು. ನೀವೆಲ್ಲರೂ ಫೋನು ತೆಗೆಯುತ್ತಿದ್ದೀರಿ. ಕಟ್ಟೆಗೆ ಏನೋ ಬಂದಿದೆ. ಕನ್ನಡಕ ಹಾಕಿಕೊಳ್ಳುತ್ತೇನೆ, ತಡೆಯಿರಿ.

ಮೇಯರ್ ಅವರು ಬರೆದಿದ್ದಾರೆ. "ಸೌಟಿಗೆ. ನಕ್ಕೆ. ಅವತ್ತೇ ನಕ್ಕಿದ್ದೆ, ಕಚೇರಿಯ ಬಾಗಿಲು ಹಾಕಿಕೊಂಡು. ಆಮೇಲೆ ಸಿಟ್ಟು ಬಂತು."

ಹಾಗಾದರೆ ಅಳಿಸಿದ ನಗೆಮಾತಿಗೆ ಜೀವ ಬಂತು! ಕೇಳಿ, ಮೇಯರ್ ಅವರ ಅಪ್ಪಣೆಯಾಗಿದೆ: "ನೀರಿಗೆ ಒಂದನ್ನು ಒತ್ತಿ. ದೀಪಕ್ಕೆ ಎರಡನ್ನು ಒತ್ತಿ. ಮೇಯರಮ್ಮನಿಗೆ ಮುಂದಿನ ಚುನಾವಣೆಯವರೆಗೆ ಕಾಯಿರಿ."

ಕೈಗಳು ಕಾಣುತ್ತಿವೆ. ಸಾಕು, ಇಳಿಸಿ. ಬರೆದದ್ದು ಇನ್ನೂ ಇದೆ. "ಆದರೆ ಅಮ್ಮ, ಬಸ್ಸಿನ ದರದ ಬಗ್ಗೆ ನೀನು ಮೊನ್ನೆ ಹೇಳಿದ್ದು ಪೂರ್ತಿ ತಪ್ಪು. ಯಾಕೆ ಅಂತ ಹೇಳ್ತೀನಿ, ಓದು. ಮೊದಲನೆಯದಾಗಿ..."

ಮೊದಲನೆಯದಾಗಿ ಎಂದು ಶುರುವಾಗಿದೆ, ಸಭಿಕರೇ. ಬೆರಳಿನಿಂದ ಮೇಲೆ ತಳ್ಳುತ್ತಿದ್ದೇನೆ, ತಳ್ಳುತ್ತಲೇ ಇದ್ದೇನೆ, ಮುಗಿಯುತ್ತಿಲ್ಲ. ನೋಡಿ ಅಲ್ಲಿ, ತಲೆ ಕೂಡ ಎತ್ತದೆ ಇನ್ನೂ ಬರೆಯುತ್ತಿದ್ದಾಳೆ.

ಅಧ್ಯಕ್ಷರಿಗೆ, ಮೇಷ್ಟ್ರಿಗೆ, ನಿಮಗೆಲ್ಲರಿಗೂ ನನ್ನ ಧನ್ಯವಾದ. ಇನ್ನೂ ಮಾತಾಡುವುದಿತ್ತು, ಆದರೆ ನನಗೆ ಓದುವ ಕೆಲಸ ಬಿದ್ದಿದೆ. ಅವಳ ಪಕ್ಕದ ಕುರ್ಚಿ ಯಾರಾದರೂ ಬಿಟ್ಟುಕೊಡಿ. ನಮಸ್ಕಾರ.